ಶಟರಿನ ಭಾರ ಎಲ್ಲಿ ಹೋಯಿತು?

ಬೆಳಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಮಧುಗಿರಿಯಲ್ಲಾಗಲಿ ಶಿರಾದಲ್ಲಾಗಲಿ ಅಂಗಡಿಸಾಲಿನ ಮುಂದೆ ನಿಂತರೆ ಒಂದರ ಹಿಂದೊಂದು ಶಟರು ಮೇಲೇಳುವ ಸದ್ದು ಕಿವಿಗೆ ಬೀಳುತ್ತದೆ. ಕೊರಟಗೆರೆ, ಪಾವಗಡದ ಪೇಟೆಗಳಲ್ಲೂ ಅದೇ, ಗೌಡಗೆರೆಯಂಥ ಹೋಬಳಿ ಊರಿನ ಗೊಬ್ಬರದಂಗಡಿಯಲ್ಲೂ ಅದೇ. ಬೀಗ ತೆಗೆದು, ಕೆಳಗಿನ ಹಿಡಿಗೆ ಕೈ ಹಾಕಿ ಒಂದು ಸಲ ನೂಕಿದರೆ ಬಾಗಿಲು ತಾನೇ ಸುರುಳಿ ಸುತ್ತಿಕೊಂಡು ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಆ ಬಾಗಿಲಿನ ತೂಕ ಎಷ್ಟಿದ್ದೀತು ಎಂದು ಒಮ್ಮೆ ಲೆಕ್ಕ ಹಾಕೋಣ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಶಟರಿನ ಪಟ್ಟಿಗೆ ಹೇಳಿರುವ ಅಳತೆ 80 ಮಿ.ಮೀ. ಅಗಲ, 1.25 ಮಿ.ಮೀ. ದಪ್ಪ. ಅಷ್ಟು ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 10 ಕೆ.ಜಿ. ತೂಗುತ್ತದೆ. ಹತ್ತಡಿ ಅಗಲ, ಎಂಟಡಿ ಎತ್ತರದ ಅಂಗಡಿಬಾಗಿಲನ್ನು ಬರೀ ಸಪಾಟು ತಗಡೆಂದು ಹಿಡಿದರೂ 73 ಕೆ.ಜಿ. ಆಯಿತು. ಪಟ್ಟಿ ಪಟ್ಟಿಯನ್ನು ಕೂಡಿಸುವ ಮಡಿಕೆ, ತುದಿಯ ಕೊಂಡಿ, ಕೆಳಗಿನ ದಪ್ಪ ಪಟ್ಟಿ, ಬೀಗದ ಹಲಗೆ ಇವೆಲ್ಲ ಸೇರಿದರೆ 90 ಕೆ.ಜಿ. ಆಸುಪಾಸಿಗೆ ಬರುತ್ತದೆ. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಉಸಿರು ಕಟ್ಟಿ ಎತ್ತಬೇಕಾದ ಭಾರವಿದು. ಇದನ್ನು ಅರವತ್ತು ದಾಟಿದ ಅಂಗಡಿಯಮ್ಮ ಒಂದೇ ಕೈಯಲ್ಲಿ ಮೇಲೆ ಕಳಿಸುತ್ತಾರೆ. ಹಾಗಾದರೆ ಭಾರ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ ಎನ್ನುವುದೇ ನಾನು ಇವತ್ತು ಹೇಳಬೇಕೆಂದಿರುವ ಮಾತು. ಬಾಗಿಲು ಹಗುರವಾಗಿಲ್ಲ. ಅದರ ಭಾರವನ್ನು ಹೊರುವವರು ಬದಲಾಗಿದ್ದಾರೆ, ಅಷ್ಟೇ. ಕೈ ಹೊರಬೇಕಾದದ್ದನ್ನು ಒಂದು ಸ್ಪ್ರಿಂಗು ಹೊತ್ತಿದೆ. ಆದ್ದರಿಂದ ಸ್ಪ್ರಿಂಗನ್ನು ಶಟರಿನ ಒಂದು ಬಿಡಿಭಾಗವೆಂದು ಉಪೇಕ್ಷಿಸುವಂತಿಲ್ಲ. ಕಟ್ಟಡದ ಕಂಬ, ತೊಲೆಗಳ ಸಾಲಿನಲ್ಲಿ ನಿಲ್ಲಬೇಕಾದ ವಸ್ತು ಅದು. ನಮ್ಮ ಪೇಟೆಗಳಲ್ಲಿ ಕಂಬ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಕರೆಸುತ್ತಾರೆ, ಸ್ಪ್ರಿಂಗು ಸೋತರೆ ಮಾತ್ರ ಇನ್ನಷ್ಟು ಜೋರಾಗಿ ನೂಕುತ್ತಾರೆ. ಈ ರೂಢಿ ತಪ್ಪು, ಅಪಾಯಕರ ಕೂಡ. ಏಕೆ ಎನ್ನುವುದಕ್ಕೆ ಆಧಾರಗಳನ್ನು ಮುಂದಿಡುತ್ತೇನೆ.

ಮೊದಲು ಒಳಗೆ ಏನಿದೆ ನೋಡೋಣ. ಶಟರಿನ ಮೇಲೆ ತಗಡಿನ ಮುಚ್ಚಳವಿರುತ್ತದೆ. ಅದನ್ನು ಬಿಚ್ಚಿದರೆ ಬಾಗಿಲಿನ ಅಗಲಕ್ಕೂ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಕಾಣುತ್ತದೆ. ಕೈಯಿಂದ ನೂಕುವ ಮಾಮೂಲಿ ಶಟರಿನಲ್ಲಿ ಈ ಪೈಪು ತಿರುಗುವುದಿಲ್ಲ. ಎರಡೂ ಕಡೆ ಗೋಡೆಯ ಬ್ರಾಕೆಟ್ಟಿಗೆ ಯು ಆಕಾರದ ಕ್ಲಾಂಪು ಹಾಕಿ, ನಟ್ಟು ಬಿಗಿದು, ಅದನ್ನು ಅಲುಗದಂತೆ ಹಿಡಿದಿರುತ್ತಾರೆ. ಪೈಪಿನ ಮೇಲೆ ಅಲ್ಲಲ್ಲಿ ಎರಕದ ಚಕ್ರಗಳು, ಅವುಗಳ ಜೊತೆಗೆ ಪೈಪನ್ನು ಬಳಸಿಕೊಂಡ ತಂತಿಯ ಸ್ಪ್ರಿಂಗುಗಳು. ಸ್ಪ್ರಿಂಗಿನ ಒಂದು ತುದಿ ಪೈಪಿಗೆ ಸಿಕ್ಕಿಸಿದೆ, ಇನ್ನೊಂದು ತುದಿ ಚಕ್ರಕ್ಕೆ. ಶಟರಿನ ಮೇಲಂಚನ್ನು ಈ ಚಕ್ರಗಳಿಗೇ ಕಟ್ಟಿದ್ದಾರೆ. ರಾತ್ರಿ ಶಟರು ಎಳೆದಾಗ ಬಾಗಿಲು ಇಳಿಯುತ್ತಾ ಚಕ್ರಗಳನ್ನು ತಿರುಗಿಸುತ್ತದೆ. ಪೈಪು ನಿಂತಲ್ಲೇ ನಿಂತಿರುವುದರಿಂದ ಸ್ಪ್ರಿಂಗು ಹುರಿಗೊಳ್ಳುತ್ತದೆ. ಇಪ್ಪತ್ತು ಸೆಂ.ಮೀ. ವ್ಯಾಸದ ಚಕ್ರವಾದರೆ ಎಂಟಡಿ ಬಾಗಿಲು ಇಳಿಯುವಷ್ಟರಲ್ಲಿ ಮೂರೂವರೆ ಸುತ್ತಿನಷ್ಟು ಹುರಿ ಏರಿರುತ್ತದೆ. ಇಳಿಯುವ ಬಾಗಿಲಿನ ಭಾರವೇ ಸ್ಪ್ರಿಂಗನ್ನು ತಿರುಚಿತು. ಬೆಳಗ್ಗೆ ಆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಅದೇ ಭಾರವನ್ನು ಮೇಲೆತ್ತುತ್ತದೆ. ಕೈಯಿಂದ ನಾವು ಕೊಡುವುದು ತಿಕ್ಕಾಟಕ್ಕೆ ಕಳೆದುಹೋದ ಅಲ್ಪಸ್ವಲ್ಪವನ್ನು ಮಾತ್ರ.

ಭಾರವನ್ನು ಭಾರದಿಂದಲೇ ಸರಿದೂಗಿಸುವ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮಳೆ ಕಡಿಮೆ, ಬಾವಿಯೇ ಗತಿ ಎಂಬಂಥ ನಾಡು ಇದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತಾ ಮಧುಗಿರಿ, ಶಿರಾಗಳ ಮೇಲೆ ಹಾದುಹೋದ. ನೀರೆತ್ತುವ ಏತವನ್ನೂ ಕಪಿಲೆಯನ್ನೂ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ. ಏತದ ಮರದ ಒಂದು ತುದಿಗೆ ಗಳು ಮತ್ತು ಬಾನಿ, ಇನ್ನೊಂದು ತುದಿಗೆ ಕಲ್ಲು ಅಥವಾ ಮರದ ಮೇಲೆ ಹಿಂದೆ ಮುಂದೆ ನಡೆಯುವ ಆಳು. ಕಲ್ಲು ಕಟ್ಟುವವನ ಜಾಣ್ಮೆಯನ್ನು ಗಮನಿಸಬೇಕು. ಬಾನಿಯಲ್ಲಿ ಮೂವತ್ತು ಲೀಟರು ನೀರು ಹಿಡಿಯುವುದಾದರೆ, ಬಾನಿಯ ತೂಕಕ್ಕೆ ಅರ್ಧ ನೀರಿನ ತೂಕ ಸೇರಿಸಿ ಕಲ್ಲು ಕಟ್ಟುವುದು ಹದ. ಆಗ ಬರಿಯ ಬಾನಿಯನ್ನು ಬಾವಿಗೆ ಇಳಿಸುವಾಗ ಹದಿನೈದು ಕೆ.ಜಿ. ಬಲ ಹಾಕಿ ಕೆಳಗೆ ಎಳೆಯಬೇಕು, ತುಂಬಿದ ಬಾನಿಯನ್ನು ಎತ್ತುವಾಗಲೂ ಹದಿನೈದೇ ಕೆ.ಜಿ. ಒಟ್ಟು ದುಡಿಮೆ ಒಂದಿಷ್ಟೂ ಕಡಿಮೆಯಾಗಲಿಲ್ಲ, ಎರಡು ಪಾಲಾಗಿ ಹಂಚಿಹೋಯಿತು. ಅದರಲ್ಲೂ ಕೆಳಗೆ ಎಳೆಯುವ ಪಾಲಿಗೆ ಎಳೆಯುವವನ ಮೈಭಾರವೇ ಒದಗಿಬಂತು. ಕಪಿಲೆಯಲ್ಲೂ ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸುತ್ತಿದ್ದದ್ದು ಈ ಕಾರಣಕ್ಕೇ. ಹಗ್ಗ ಎಳೆಯುವಾಗ ಎತ್ತಿನ ಕಸುವಿನ ಜೊತೆಗೆ ಎತ್ತಿನ ತೂಕವೂ ಕೆಲಸ ಮಾಡುತ್ತಿತ್ತು. ಇಂದಿನ ಲಿಫ್ಟಿನಲ್ಲೂ ಲೆಕ್ಕ ಹೆಚ್ಚು ಕಡಿಮೆ ಏತದ್ದೇ. ಪೆಟ್ಟಿಗೆಯ ತೂಕ, ಅದರ ಮೇಲೆ ಹೊರಬಹುದಾದ ಗರಿಷ್ಠ ಭಾರದ ಶೇಕಡ 40ರಿಂದ 50, ಇವೆರಡೂ ಸೇರಿದಷ್ಟು ಎದುರುಭಾರವನ್ನು ಹಗ್ಗದ ಆ ಬದಿಗೆ ತೂಗುಹಾಕುತ್ತಾರೆ.

ಹಾಗಿದ್ದರೆ ಶಟರಿಗೂ ಕಲ್ಲನ್ನೇ ಕಟ್ಟಬಹುದಿತ್ತಲ್ಲ, ಸ್ಪ್ರಿಂಗು ಏಕೆ? ಈ ಪ್ರಶ್ನೆಯ ಉತ್ತರದಲ್ಲಿ ಇಡೀ ಯಂತ್ರದ ಸೊಗಸಿದೆ. ಕಲ್ಲಿನ ಎಳೆತ ಮೊದಲಿಂದ ಕೊನೆವರೆಗೂ ಒಂದೇ ಸಮ. ಆದರೆ ಶಟರಿನ ತೂಗುಭಾರ ಹಾಗಿಲ್ಲ. ಪೂರ್ತಿ ಇಳಿದಾಗ 90 ಕೆ.ಜಿ.ಯೂ ಚಕ್ರದಿಂದ ನೇತಾಡುತ್ತಿರುತ್ತದೆ. ಅರ್ಧ ಮೇಲೆ ಹೋದಾಗ ಅರ್ಧ ಭಾಗ ಸುರುಳಿಯಾಗಿ ಪೈಪಿನ ಮೇಲೆ ಕೂತಿದೆ, ನೇತಾಡುವುದು 45 ಕೆ.ಜಿ. ಮಾತ್ರ. ತೀರ ಮೇಲೆ ಹೋದಾಗ ಕೆಳಗಿನ ಪಟ್ಟಿಯಷ್ಟೇ ಉಳಿಯುತ್ತದೆ. ಅಂದರೆ ಮೇಲೆ ಹೋದಂತೆಲ್ಲ ಕಡಿಮೆಯಾಗುವ ಎದುರುಬಲ ಬೇಕು. ಸ್ಪ್ರಿಂಗಿನ ಗುಣವೂ ಅದೇ. ಎಷ್ಟು ತಿರುಚಿದರೆ ಅಷ್ಟು ಬಲವಾಗಿ ಮರಳಿ ತಿರುಗುತ್ತದೆ, ಬಿಚ್ಚಿಕೊಂಡಂತೆ ಬಲ ಇಳಿಯುತ್ತದೆ. 1678ರಲ್ಲಿ ರಾಬರ್ಟ್ ಹುಕ್ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ನಿಯಮದ ಸಾರ ಇದು. ಭಾರ ಇಳಿಯುವ ಗತಿಯೂ ಬಲ ಇಳಿಯುವ ಗತಿಯೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ಕೊನೆಯಲ್ಲಿ ಉಳಿಯುವ ಕೆಳಪಟ್ಟಿಯ ಭಾರಕ್ಕಾಗಿ ಸ್ಪ್ರಿಂಗಿಗೆ ಮೊದಲೇ ಒಂದಷ್ಟು ಹುರಿ ಕೊಟ್ಟಿರುತ್ತಾರೆ. ಮೆಕ್ಯಾನಿಕ್ಕರು ಟೆನ್ಷನ್ ಕೊಡುವುದು ಎನ್ನುವುದು ಇದಕ್ಕೇ. ಇನ್ನೊಂದು ಅನುಕೂಲವೂ ಇದೆ. ಏತದಲ್ಲಿ ಇಳಿಯುವ ಬಾನಿ ಬರಿದು, ಏರುವ ಬಾನಿ ತುಂಬಿದ್ದು. ಹಾಗಾಗಿ ಅಲ್ಲಿ ಅರ್ಧಕ್ಕೇ ತೃಪ್ತಿಪಡಬೇಕು. ಶಟರಿನಲ್ಲಿ ಇಳಿಯುವುದೂ ಏರುವುದೂ ಅದೇ ಬಾಗಿಲು. ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಭಾರವನ್ನೇ ಸರಿದೂಗಿಸಬಹುದು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸೀಮೆಯ ಮಕ್ಕಳ ಮನೆಗೆ ಹೋಗಿಬಂದವರು ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲನ್ನು ನೋಡಿರುತ್ತೀರಿ. ಅಲ್ಲಿ ಬಾಗಿಲು ಸುರುಳಿಯಾಗುವುದಿಲ್ಲ. ಅಡ್ಡ ಹಲಗೆಗಳ ಬಾಗಿಲು ಎರಡೂ ಪಕ್ಕದ ಹಳಿಗಳಲ್ಲಿ ಮೇಲೇರಿ, ಬಾಗಿ, ಸೂರಿನಡಿ ಮಲಗುತ್ತದೆ. 1921ರಲ್ಲಿ ಸಿ.ಜಿ. ಜಾನ್ಸನ್ ಎಂಬಾತ ರೂಪಿಸಿದ ಬಾಗಿಲಿನ ವಂಶ ಇದು. ಬಾಗಿಲಿನ ತಲೆಯ ಮೇಲೆ ಅಡ್ಡ ದಂಡ, ದಂಡಕ್ಕೆ ತಿರುಚುವ ಸ್ಪ್ರಿಂಗು, ಎರಡೂ ತುದಿಗೆ ರಾಟೆಯಂಥ ಡ್ರಮ್ಮು, ಡ್ರಮ್ಮಿನಿಂದ ಇಳಿದು ಬಾಗಿಲಿನ ಕೆಳಮೂಲೆಯನ್ನು ಹಿಡಿದ ಉಕ್ಕಿನ ಕೇಬಲ್ಲು. ಹೊರರೂಪ ಬೇರೆ, ಒಳಗಿನ ತರ್ಕ ನಮ್ಮ ಶಟರಿನದೇ. ಬಾಗಿಲು ಮೇಲೆ ಹೋದಂತೆ ಅದರ ಭಾರವನ್ನು ಮಲಗಿದ ಹಳಿಗಳು ಹೊರುತ್ತವೆ, ಸ್ಪ್ರಿಂಗಿನ ಪಾಲು ಕಡಿಮೆಯಾಗುತ್ತದೆ. ಆ ನಾಡಿನಲ್ಲಿ ಸಾಮಾನ್ಯ ಸ್ಪ್ರಿಂಗಿಗೆ 10,000 ಸಲ ತೆರೆದು ಮುಚ್ಚುವಷ್ಟು ಆಯುಷ್ಯವೆಂದು ಮೊದಲೇ ಲೆಕ್ಕ ಹಾಕಿ ಮಾರುತ್ತಾರೆ. ದಿನಕ್ಕೆ ನಾಲ್ಕು ಸಲ ಬಾಗಿಲಾಡಿಸಿದರೆ ಏಳು ವರ್ಷಕ್ಕೆ ಅದು ಮುಗಿಯುತ್ತದೆ. ಉದ್ದಕ್ಕೆ ಎಳೆಯುವ ಜಾತಿಯ ಸ್ಪ್ರಿಂಗಾದರೆ ಅದರ ಹೊಟ್ಟೆಯೊಳಗೆ ಇನ್ನೊಂದು ಕೇಬಲ್ಲನ್ನು ಹಾಯಿಸಿರುತ್ತಾರೆ. ಸ್ಪ್ರಿಂಗು ತುಂಡಾದರೂ ತುಂಡುಗಳು ಸಿಡಿದು ಯಾರಿಗೂ ತಗುಲದಿರಲಿ ಎಂದು. ಸ್ಪ್ರಿಂಗು ಒಂದು ದಿನ ಮುರಿದೇ ಮುರಿಯುತ್ತದೆ ಎಂದು ಒಪ್ಪಿಕೊಂಡು ಮಾಡಿದ ಏರ್ಪಾಡು ಇದು. ನಮ್ಮಲ್ಲಿ ಕಾಣದಿರುವುದು ಈ ಒಪ್ಪಿಗೆಯೇ.

ಮುರಿದರೆ ಏನಾಗುತ್ತದೆ? ರಾತ್ರಿ ಬಾಗಿಲು ಹಾಕಿದಾಗ ಸ್ಪ್ರಿಂಗಿನೊಳಗೆ ಎಷ್ಟು ಶಕ್ತಿ ಕೂಡಿಟ್ಟಿದ್ದೇವೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. 90 ಕೆ.ಜಿ. ಬಾಗಿಲಿನ ಭಾರಕೇಂದ್ರ ನಾಲ್ಕಡಿ ಇಳಿದಿದೆ. ಅಲ್ಲಿಗೆ ಸುಮಾರು 1,000 ಜೂಲ್ ಶಕ್ತಿ. 50 ಕೆ.ಜಿ. ರಾಗಿಮೂಟೆಯೊಂದು ಏಳಡಿ ಎತ್ತರದಿಂದ ಬಿದ್ದರೆ ನೆಲಕ್ಕೆ ಕೊಡುವ ಪೆಟ್ಟು ಅಷ್ಟು. ಅಷ್ಟನ್ನೂ ಒಂದು ಗೇಣಿಗಿಂತ ತುಸು ಉದ್ದದ ಉಕ್ಕಿನ ತಂತಿಯ ಸುರುಳಿಗಳು ಬಿಗಿಹಿಡಿದು ಕೂತಿವೆ. ದರಪಟ್ಟಿಯಲ್ಲಿ ಸ್ಪ್ರಿಂಗಿನ ಉದ್ದ 27.5 ಸೆಂ.ಮೀ. ಎಂದಿದೆ. ಈ ಬಿಗಿಯನ್ನು ಕೊನೆಗೆ ತಡೆದು ನಿಲ್ಲಿಸಿರುವುದು ಪೈಪಿನ ತುದಿಯ ಕ್ಲಾಂಪು ಮತ್ತು ಅದರ ನಟ್ಟು. ಬಾಗಿಲು ಕೆಳಗಿರುವಾಗ ಯಾರಾದರೂ ಆ ನಟ್ಟನ್ನು ಸಡಿಲಿಸಿದರೆ ಪೈಪು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸುತ್ತು ತಿರುಗುತ್ತದೆ. ಅದಕ್ಕೆ ಪೈಪ್ ಪಾನಾ ಸಿಕ್ಕಿಸಿ ಹಿಡಿದಿದ್ದರೆ ಪಾನಾದ ಉದ್ದನೆಯ ಹಿಡಿ ಮುಖಕ್ಕೋ ಮಣಿಕಟ್ಟಿಗೋ ಬಡಿಯುತ್ತದೆ. ಏಣಿಯ ಮೇಲೆ ನಿಂತ ಮನುಷ್ಯ ಆ ಹೊಡೆತಕ್ಕೆ ಕೆಳಗೆ ಬೀಳುತ್ತಾನೆ. ಬಾಗಿಲು ಮೇಲಿದ್ದಾಗ ಸ್ಪ್ರಿಂಗು ತುಂಡಾದರೆ ಕತೆ ಬೇರೆ. ಯಾರೋ ಶಟರಿಗೆ ಕೈ ಹಾಕಿ ಒಂದಡಿ ಎಳೆಯುತ್ತಲೇ ಉಳಿದದ್ದು ತಾನಾಗಿ ಧಡಾರನೆ ಇಳಿಯುತ್ತದೆ. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಬಗ್ಗಿದವರು, ಒಳಗಿಂದ ಓಡಿಬರುವ ಮಕ್ಕಳು ಆಗ ಅದರ ದಾರಿಯಲ್ಲಿರುತ್ತಾರೆ.

ನಮ್ಮ ಶಟರು ಇಪ್ಪತ್ತು ವರ್ಷದಿಂದ ಏನೂ ತೊಂದರೆ ಕೊಟ್ಟಿಲ್ಲ ಎನ್ನುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ, ಆದರೆ ಅದರಿಂದ ಅವರು ತೆಗೆಯುವ ತೀರ್ಮಾನ ತಪ್ಪು. ಉಕ್ಕಿನ ತಂತಿಯನ್ನು ಒಂದು ಸಲ ತಿರುಚಿ ಬಿಟ್ಟರೆ ಏನೂ ಆಗುವುದಿಲ್ಲ. ಸಾವಿರಾರು ಸಲ ತಿರುಚಿ ಬಿಟ್ಟರೆ ತುಕ್ಕು ಹಿಡಿದ ಒಂದು ಚುಕ್ಕೆಯಲ್ಲೋ ಗೀರಿನಲ್ಲೋ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಪ್ರತಿ ಸಲವೂ ಅದು ಕಾಣದಷ್ಟು ಮುಂದುವರಿಯುತ್ತದೆ. ಒಂದು ದಿನ ಉಳಿದ ತಂತಿಗೆ ಭಾರ ತಡೆಯಲಾಗದೆ ಏಕಾಏಕಿ ತುಂಡಾಗುತ್ತದೆ. ಮರದ ತೊಲೆಯ ಹಾಗೆ ಬಾಗಿ, ಕಿರುಗುಟ್ಟಿ ಮುನ್ಸೂಚನೆ ಕೊಡುವ ಗುಣ ಅದಕ್ಕಿಲ್ಲ. ಆದ್ದರಿಂದ ಇಪ್ಪತ್ತು ವರ್ಷ ಸರಿಯಾಗಿತ್ತು ಎನ್ನುವ ಮಾತು ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ತಿರುಚಿದ ಲೆಕ್ಕ ಅಷ್ಟು ಏರಿದೆ, ಈಗ ಬದಲಿಸುವ ಹೊತ್ತು ಎನ್ನುವುದಕ್ಕೆ ಸಾಕ್ಷಿಯಾಗುತ್ತದೆ. ಇನ್ನೊಂದು ಮಾತು. ಒಂದು ಶಟರಿನಲ್ಲಿರುವ ಸ್ಪ್ರಿಂಗುಗಳೆಲ್ಲ ಒಂದೇ ದಿನ ಹಾಕಿದವು, ಅಷ್ಟೇ ಸಲ ತಿರುಚಿಸಿಕೊಂಡವು. ಒಂದು ಮುರಿಯಿತೆಂದರೆ ಉಳಿದವುಗಳ ಆಯಸ್ಸೂ ತೀರುತ್ತಾ ಬಂದಿದೆ. ಮುರಿದದ್ದೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವುದು ಉಳಿತಾಯವಲ್ಲ.

ಗ್ರೀಸು ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಂಬಿಕೆಯೂ ಬಲವಾಗಿದೆ. ಧೂಳಿನ ಸೀಮೆ ನಮ್ಮದು. ಪಕ್ಕದ ಗೈಡುಗಳಲ್ಲಿ ಮಣ್ಣು ಕೂತು ಶಟರು ಬಿಗಿಯಾಗುವುದು ನಿಜ, ಗೈಡು ಒರೆಸಿ ಎಣ್ಣೆ ಬಿಟ್ಟರೆ ಸಲೀಸಾಗುವುದೂ ನಿಜ. ಆದರೆ ತಿಕ್ಕಾಟದ ಬಿಗಿ ಬೇರೆ, ಸ್ಪ್ರಿಂಗು ಸೋತ ಭಾರ ಬೇರೆ. ಎರಡನ್ನೂ ಬೇರ್ಪಡಿಸುವುದು ಯಾರಿಗಾದರೂ ಸಾಧ್ಯ. ತಿಕ್ಕಾಟವಾದರೆ ಎರಡೂ ದಿಕ್ಕಿಗೆ ಅಡ್ಡಿ ಮಾಡುತ್ತದೆ: ಎತ್ತುವುದೂ ಕಷ್ಟ, ಎಳೆಯುವುದೂ ಕಷ್ಟ. ಸ್ಪ್ರಿಂಗು ಸೋತಿದ್ದರೆ ಎತ್ತುವುದು ಮಾತ್ರ ಕಷ್ಟ, ಇಳಿಸುವಾಗ ಬಾಗಿಲು ಕೈಮೀರಿ ಓಡುತ್ತದೆ. ಗೈಡು ಒರೆಸಿದ ಮೇಲೆ ಶಟರನ್ನು ಸೊಂಟದೆತ್ತರಕ್ಕೆ ತಂದು, ಕಾಲು ದೂರವಿಟ್ಟು, ಕೈಯನ್ನು ನಿಧಾನವಾಗಿ ಸಡಿಲಿಸಿ ನೋಡಿ. ನಿಂತಲ್ಲೇ ನಿಂತರೆ ಭಾರಕ್ಕೂ ಬಲಕ್ಕೂ ಹೊಂದಿಕೆಯಿದೆ. ಜಾರಿದರೆ ಸ್ಪ್ರಿಂಗು ಸೋತಿದೆ. ತಾನೇ ಮೇಲೆ ಚಿಮ್ಮಿದರೆ ಟೆನ್ಷನ್ ಅತಿಯಾಗಿದೆ. ಅತಿಯಾದದ್ದೂ ಒಳ್ಳೆಯದಲ್ಲ. ಬಾಗಿಲು ಮೇಲಿನ ಬ್ರಾಕೆಟ್ಟಿಗೆ ದಿನಾ ಬಡಿಯುತ್ತದೆ, ಸ್ಪ್ರಿಂಗು ಅನಗತ್ಯವಾಗಿ ಹೆಚ್ಚು ತಿರುಚಿಕೊಂಡು ಬೇಗ ದಣಿಯುತ್ತದೆ.

ಮೋಟರು ಹಾಕಿಸಿಬಿಟ್ಟರೆ ಈ ಗೋಜೇ ಇಲ್ಲ ಎಂಬ ವಾದ ಇತ್ತೀಚೆಗೆ ಹೆಚ್ಚಾಗಿ ಕೇಳುತ್ತಿದೆ. ಹೆದ್ದಾರಿಯ ಬದಿಯಲ್ಲಿ ದೊಡ್ಡ ಗೋದಾಮುಗಳು ಎದ್ದಂತೆ ಶಟರುಗಳೂ ದೊಡ್ಡವಾಗುತ್ತಿವೆ, ಸರಪಳಿ ಗೇರಿಗೋ ಮೋಟರಿಗೋ ಜನ ಹೋಗುತ್ತಿದ್ದಾರೆ. ಅಷ್ಟು ದೊಡ್ಡ ಬಾಗಿಲಿಗೆ ಅದು ಬೇಕು, ಒಪ್ಪುತ್ತೇನೆ. ಪೂರ್ತಿ ಭಾರವನ್ನು ತಾನೇ ಎತ್ತುವ, ಕರೆಂಟು ಹೋದರೂ ಬಾಗಿಲನ್ನು ಬ್ರೇಕಿನಿಂದ ಹಿಡಿದಿಡುವ ಮೋಟರುಗಳೂ ಇವೆ. ಆದರೆ ಅಂಗಡಿಯ ಶಟರಿಗೆ ಸೇರಿಸುವ ಸಣ್ಣ ಮೋಟರು ಸ್ಪ್ರಿಂಗಿನ ಜೊತೆ ಕೂಡಿಯೇ ದುಡಿಯುವಂಥದ್ದು. ಸ್ಪ್ರಿಂಗು ಸರಿದೂಗಿಸಿದ ಮೇಲೆ ಉಳಿಯುವ ಚೂರು ಭಾರವನ್ನಷ್ಟೇ ಅದು ಎತ್ತುತ್ತದೆ. ಸ್ಪ್ರಿಂಗು ಸೋತಾಗ ಮೋಟರು ಏದುಸಿರು ಬಿಡುತ್ತಾ ಕೆಲಸ ಮುಂದುವರಿಸುವುದರಿಂದ ದೋಷ ಮುಚ್ಚಿಹೋಗುತ್ತದೆ. ಕರೆಂಟು ಹೋದ ದಿನ ಕೈಯಿಂದ ಆಡಿಸಲು ಮೋಟರಿನ ಹಿಡಿತ ಬಿಡಿಸುತ್ತಾರೆ. ಅಲ್ಲಿಯವರೆಗೆ ಮೋಟರು ಗುಟ್ಟಾಗಿ ಹೊರುತ್ತಿದ್ದ ಭಾರವೆಲ್ಲ ಆ ಕ್ಷಣ ಕೈಗೆ ಬರುತ್ತದೆ. ಆದ್ದರಿಂದ ಮೋಟರು ಹಾಕಿಸಿದವರು ಸ್ಪ್ರಿಂಗನ್ನು ಇನ್ನೂ ಹೆಚ್ಚಾಗಿ ಪರೀಕ್ಷಿಸಬೇಕು, ಕಡಿಮೆಯಲ್ಲ.

ಭಾರ ಹೊರುವ ಕೊಂಡಿ ಒಂದೇ ಆಗಿದ್ದು ಅದು ಕಳಚಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಬಹು ದೊಡ್ಡ ಪ್ರಮಾಣದಲ್ಲಿ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಯಿತು, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆದು ತುಂಬಿದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಬಾಯಿ ಮುಚ್ಚಲು ಒಂದು ವಾರದಷ್ಟು ಹೊತ್ತು ಹಿಡಿಯಿತು. ಅಂಗಡಿ ಶಟರಿಗೂ ಅಣೆಕಟ್ಟಿನ ಗೇಟಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ ಎನ್ನಬಹುದು. ಗಾತ್ರದಲ್ಲಿಲ್ಲ, ತತ್ವದಲ್ಲಿದೆ. ಭಾರವನ್ನು ಹಿಡಿದ ಸರಪಳಿ, ಕೇಬಲ್ಲು, ಸ್ಪ್ರಿಂಗು ಯಾವುದೇ ಇರಲಿ, ಅದು ಹೋದ ಮೇಲೆ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಇರಬೇಕು. ಲಿಫ್ಟಿನಲ್ಲಿ ಈ ಉತ್ತರವಿದೆ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ತಾನು ನಿಂತಿದ್ದ ವೇದಿಕೆಯ ಹಗ್ಗವನ್ನೇ ಕಡಿಸಿ, ವೇದಿಕೆ ಬೀಳದೆ ಹಳಿ ಕಚ್ಚಿ ನಿಲ್ಲುವುದನ್ನು ಜನರೆದುರು ತೋರಿಸಿದ. ನಮ್ಮ ರಾಜ್ಯದಲ್ಲೂ ಲಿಫ್ಟಿಗೆ ಕಾಯ್ದೆಯಿದೆ, ಲೈಸೆನ್ಸಿದೆ, ಬಂದು ನೋಡುವ ವಿದ್ಯುತ್ ಪರಿವೀಕ್ಷಕರಿದ್ದಾರೆ. ಬೀದಿಗೊಂದರಂತೆ ಲಿಫ್ಟಿಲ್ಲದ ನಮ್ಮ ಊರುಗಳಲ್ಲಿ ಬೀದಿಗೆ ಇಪ್ಪತ್ತು ಶಟರುಗಳಿವೆ. ಅವುಗಳನ್ನು ನೋಡುವವರು ಅಂಗಡಿಯವರೇ.

ಖರ್ಚಿನ ಮಾತು ಬಾಕಿಯಿದೆ. ಬಾಡಿಗೆ ಮಳಿಗೆಯಲ್ಲಿ ದಿನದ ವ್ಯಾಪಾರ ನಂಬಿಕೊಂಡವರಿಗೆ ಮುರಿಯದ ವಸ್ತುವನ್ನು ರಿಪೇರಿ ಮಾಡಿಸಿ ಎನ್ನುವುದು ಸುಲಭದ ಸಲಹೆಯಲ್ಲ, ಅದನ್ನು ಬಲ್ಲೆ. ಆದರೆ ಇಲ್ಲಿ ಕೇಳುತ್ತಿರುವುದು ಹೊಸ ಶಟರನ್ನಲ್ಲ. ಬಾಗಿಲಿನ ಒಟ್ಟು ಬೆಲೆಯಲ್ಲಿ ಸ್ಪ್ರಿಂಗಿನ ಪಾಲು ಸಣ್ಣದು. ಸಾಲಿನ ಹತ್ತು ಅಂಗಡಿಯವರು ಒಟ್ಟಾಗಿ ಒಬ್ಬ ನುರಿತ ಶಟರ್ ಮೆಕ್ಯಾನಿಕ್ಕನ್ನು ಒಂದೇ ದಿನ ಕರೆಸಿದರೆ ಬಂದುಹೋಗುವ ಖರ್ಚು ಹತ್ತು ಪಾಲಾಗುತ್ತದೆ. ಹಗುರವಾದ ಅಲ್ಯೂಮಿನಿಯಂ ಶಟರು, ಜಾಲರಿ ಶಟರು ಹಾಕಿಸಿದರೆ ಭಾರವೇ ಕಡಿಮೆಯಾಗುತ್ತದಲ್ಲ ಎಂದರೆ, ಹೊಸದಾಗಿ ಮಳಿಗೆ ಕಟ್ಟುವವರಿಗೆ ಅದು ಒಳ್ಳೆಯ ದಾರಿಯೇ. ಆದರೆ ಬಂಗಾರದಂಗಡಿಯವರೂ ಬೀಜ ಗೊಬ್ಬರದವರೂ ಕಳ್ಳರ ಭಯದಿಂದ ದಪ್ಪ ತಗಡನ್ನೇ ಬಯಸುವುದರಲ್ಲಿ ನ್ಯಾಯವಿದೆ. ದಪ್ಪ ತಗಡು ಬೇಕೆನ್ನುವವರು ಅದಕ್ಕೆ ತಕ್ಕ ಸ್ಪ್ರಿಂಗನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಹಳೆಯ ಸ್ಪ್ರಿಂಗಿನ ಮೇಲೆಯೇ ಹೆಚ್ಚುವರಿ ಪಟ್ಟಿ, ಹೆಚ್ಚುವರಿ ಬೀಗದ ಹಲಗೆ ಬೆಸುಗೆ ಹಾಕಿಸುವುದು ಹೊರುವವನಿಗೆ ಹೇಳದೆ ಮೂಟೆ ಏರಿಸಿದಂತೆ.

ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಂಗಡಿ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟು. ಈ ವಾರ ಒಂದು ಬೆಳಗ್ಗೆ ಶಟರನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ ನೋಡಿ. ಜಾರಿದರೆ ಮೆಕ್ಯಾನಿಕ್ಕನ್ನು ಕರೆಸಿ, ಅವರು ಬರುವ ತನಕ ಮಕ್ಕಳನ್ನು ಹೊಸ್ತಿಲಿನಿಂದ ದೂರವಿಡಿ. ಮೇಲಿನ ಪೈಪಿನ ಕ್ಲಾಂಪಿಗೆ ಮಾತ್ರ ನೀವಾಗಲಿ ನಿಮ್ಮ ಹುಡುಗರಾಗಲಿ ಯಾವ ಕಾರಣಕ್ಕೂ ಪಾನಾ ಹಚ್ಚಬೇಡಿ.